ಹದಿನೇಳನೆಯ ಪುಟದ ಕೊಂಬು

ಮಿನಿಬಸ್ಸಿನಲ್ಲಿ ಕೂತಾಗ ಎಲ್ದಿಯಾರ್ ತನ್ನ ಪುಸ್ತಕವನ್ನು ಹೆಸರು ಹೊರಗೆ ಕಾಣುವ ಹಾಗೆಯೇ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಏಳುನೂರ ನಲವತ್ತು ಪುಟಗಳ, ಇಟ್ಟಿಗೆಯಂಥ ಕಾದಂಬರಿ. ಎರಡು ವರ್ಷದಿಂದ ಅದನ್ನೇ ಓದುತ್ತಿದ್ದ. ಆ ಎರಡು ವರ್ಷದಲ್ಲಿ ಅರವತ್ತೊಂದನೆಯ ಪುಟ ದಾಟಿರಲಿಲ್ಲ. ಎದುರಿನ ಸೀಟಿನವರು ಪುಸ್ತಕದ ಕಡೆ ನೋಡಿದರೆ ಹುಬ್ಬು ಗಂಟಿಕ್ಕಿ ಒಂದು ಪುಟ ಮಗುಚುತ್ತಿದ್ದ. ಅವರು ಇಳಿದು ಹೋದ ಮೇಲೆ ಆ ಪುಟವನ್ನು ಹಿಂದಕ್ಕೆ ಮಗುಚಿ, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಆ ಜುಟ್ಟು ಇವನದು.

ಇಪ್ಪತ್ತಾರು ವರ್ಷ. ಬಾಲಿಕ್ಚಿ ಊರಿನ ಶಾಖಾ ಗ್ರಂಥಾಲಯದಲ್ಲಿ ಕಿರಿಯ ಸಹಾಯಕ. ರಾಜಧಾನಿಯಲ್ಲಿ ಸಾಹಿತ್ಯ ಓದಿ ಬಂದವನು ಗ್ರಂಥಾಲಯದ ಕೆಲಸವೆಂದರೆ ಪುಸ್ತಕಗಳ ನಡುವೆ ಇರುವುದು ಎಂದುಕೊಂಡಿದ್ದ. ಅಂದುಕೊಂಡದ್ದು ಸುಳ್ಳೇನೂ ಆಗಲಿಲ್ಲ. ಪುಸ್ತಕಗಳ ನಡುವೆಯೇ ಇದ್ದ, ಬಟ್ಟೆ ಹಿಡಿದುಕೊಂಡು. ಸರೋವರದ ಕಡೆಯಿಂದ ಬೀಸುವ ಗಾಳಿ ಈ ಊರಲ್ಲಿ ವರ್ಷದ ಮುಕ್ಕಾಲು ದಿನ ನಿಲ್ಲುವುದಿಲ್ಲ. ಬೆಳಿಗ್ಗೆ ಒರೆಸಿದ ಕಪಾಟಿನ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು. ಸಂಬಳ ಬಂದ ದಿನವೂ ಅವನಿಗೆ ಸುಸ್ತು, ಬರದ ದಿನವೂ ಸುಸ್ತು. ಆ ಸುಸ್ತನ್ನು ಅವನು ಬಹಳ ದಿನ ಆಳವಾದ ಚಿಂತನೆ ಎಂದು ನಂಬಿಕೊಂಡಿದ್ದ.

ಗುರುವಾರಗಳಂದು ಮಾತ್ರ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಅಂದು ಮೂರು ಗಂಟೆಗೆ ಓದುಗರ ಬಳಗ ಸೇರುತ್ತಿತ್ತು. ಬಳಗದ ಯಜಮಾನಿಕೆ ದಾಮಿರಾ ಒಸ್ಮೊನೊವ್ನಾ ಅವರದು. ಮೂವತ್ತೆಂಟು ವರ್ಷ ಸಾಹಿತ್ಯ ಪಾಠ ಮಾಡಿ ನಿವೃತ್ತರಾದವರು. ಊರಿನ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಅವರ ಪ್ರಕಾರ ಓದುವುದಕ್ಕೆ ಒಂದು ಕ್ರಮವಿತ್ತು. ಕೈ ತೊಳೆಯಬೇಕು. ನೆಟ್ಟಗೆ ಕೂರಬೇಕು. ಪುಟದ ಮೂಲೆ ಮಡಿಸಬಾರದು, ಕೊನೆಯ ಪುಟ ಮೊದಲು ನೋಡಬಾರದು, ಓದಿದ್ದರ ಸಾರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕು. "ಪುಸ್ತಕ ಅಂದ್ರೆ ರೊಟ್ಟಿ ಇದ್ದ ಹಾಗೆ. ರೊಟ್ಟೀನ ಯಾರಾದ್ರೂ ಮಗುಚಿ ಇಟ್ಟು ಅವಮಾನ ಮಾಡ್ತಾರಾ? ಹಾಗಿದ್ಮೇಲೆ ಪುಸ್ತಕಾನ ಯಾಕೆ ಬೋರಲು ಹಾಕ್ತೀರಿ?" ಎನ್ನುವರು. ಬಳಗದ ಎಂಟು ಹೆಂಗಸರು ತಲೆಯಾಡಿಸುವರು. ಕಾರ್ಯದರ್ಶಿ ಎಲ್ದಿಯಾರ್ ಎಲ್ಲರಿಗಿಂತ ಜೋರಾಗಿ ಆಡಿಸುತ್ತಿದ್ದ. ಪುಸ್ತಕವಿರುವ ಕೋಣೆಗೆ ಚಹಾ ತರುವಂತಿರಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ, ಗಾಳಿಗೆ ಬಡಿದುಕೊಳ್ಳುವ ಬಾಗಿಲ ಪಕ್ಕ, ಕೋಟು ತೊಟ್ಟುಕೊಂಡು ನಿಂತೇ ಕುಡಿಯಬೇಕಾಗಿತ್ತು.

ಆ ವರ್ಷದ ಮಾರ್ಚಿನಲ್ಲಿ, ಪ್ರಾಂತದ ಕಚೇರಿಯಿಂದ ಯಾರೋ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ದಾಮಿರಾ ಒಸ್ಮೊನೊವ್ನಾ ಗಾಜಿನ ಬೀರುವಿನಲ್ಲಿದ್ದ ಒಂಬತ್ತು ಸಂಪುಟಗಳ ಸಮಗ್ರ ಕೃತಿಗಳನ್ನು ಪ್ರದರ್ಶನಕ್ಕೆಂದು ಹೊರಗೆ ತೆಗೆಸಿದರು. ಬೆನ್ನಿನ ಮೇಲೆ ಹೊಂಬಣ್ಣದ ಅಕ್ಷರ. ಬಂದರಿನ ಕಾರ್ಮಿಕ ಸಂಘದ ಗ್ರಂಥಾಲಯ ಮುಚ್ಚಿದಾಗ ಅಲ್ಲಿಂದ ಬಂದದ್ದು. ಅವರು ಮೊದಲನೆಯ ಸಂಪುಟ ತೆರೆದು ಗ್ರಂಥಾಲಯದ ಮುದ್ರೆ ಸರಿಯಾಗಿ ಬಿದ್ದಿದೆಯೇ ಎಂದು ನೋಡಿದರು. ಮುದ್ರೆ ಬೀಳುವುದು ಎರಡು ಕಡೆ, ಶೀರ್ಷಿಕೆಯ ಪುಟದಲ್ಲಿ ಮತ್ತು ಹದಿನೇಳನೆಯ ಪುಟದಲ್ಲಿ. ಹದಿನೇಳನೆಯ ಪುಟದಲ್ಲಿ ಮುದ್ರೆಯ ಪಕ್ಕಕ್ಕೇ ಪೆನ್ಸಿಲಿನಲ್ಲಿ ಒಂದು ಗುರುತಿತ್ತು. ಸುರುಳಿ ಸುತ್ತಿದ ಟಗರಿನ ಕೊಂಬು, ಕೆಳಗೊಂದು ಚುಕ್ಕೆ. ಎರಡನೆಯ ಸಂಪುಟದಲ್ಲೂ ಅದೇ. ಆರನೆಯದರಲ್ಲಿ ಎರಡು ಕೊಂಬು.

"ಇದು ತಮ್ಗಾ ಅಲ್ವಾ?" ಎಂದರು ದಾಮಿರಾ ಒಸ್ಮೊನೊವ್ನಾ. ಕುದುರೆಯ ತೊಡೆಗೆ ಕಾಯಿಸಿ ಒತ್ತುವ ಮುದ್ರೆಗೆ ಹಾಗೆನ್ನುವುದು. "ಯಾರೋ ಪುಸ್ತಕಕ್ಕೆ ದನಕ್ಕೆ ಹಾಕೋ ಗುರುತು ಹಾಕಿದಾರೆ! ಜಿಪಾರ್, ಬನ್ನಿ ಇಲ್ಲಿ. ನಾನು ನೋಡಿದ್ದೇ ಒಳ್ಳೇದಾಯ್ತು, ಅವರು ನೋಡಿದ್ರೆ?"

ಗ್ರಂಥಾಲಯದ ಮುಖ್ಯಸ್ಥೆ, ಎಲ್ಲರೂ ಎಜೆ ಅಂದರೆ ಅಕ್ಕ ಎನ್ನುವ ಜಿಪಾರ್ ಎಜೆ, ಕನ್ನಡಕ ಏರಿಸಿ ನೋಡಿ, ಉಸಿರು ಬಿಟ್ಟಳು. ಇಪ್ಪತ್ತು ವರ್ಷದಿಂದ ಸೋರುವ ಮಾಡಿನ ಕೆಳಗೆ ದುಡಿದವಳು. ಅವಳ ನಿಟ್ಟುಸಿರಿಗೂ ನಿವೃತ್ತಿಯ ವಯಸ್ಸಾಗಿತ್ತು.

"ನಿಯಮ ಏನಿದೆ?" ದಾಮಿರಾ ಒಸ್ಮೊನೊವ್ನಾ ಕೇಳಿದರು.

"ಪುಸ್ತಕ ಕೆಡಿಸಿದ ಓದುಗರ ಟಿಕೆಟ್ಟು ರದ್ದು. ಆಮೇಲೆ ಅವರು ಪುಸ್ತಕ ಒಯ್ಯೋ ಹಾಗಿಲ್ಲ."

"ಎಲ್ದಿಯಾರ್, ನೀವು ಬಳಗದ ಕಾರ್ಯದರ್ಶಿ. ಮುಂದಿನ ಗುರುವಾರದೊಳಗೆ ಇದು ಯಾರ ಕೆಲಸ ಅಂತ ಪತ್ತೆ ಮಾಡಿ. ಬಳಗದ ಮುಂದೆ ಹೆಸರು ಹೇಳಿ."

ಎಲ್ದಿಯಾರ್ ಎದೆಯುಬ್ಬಿಸಿ ಒಪ್ಪಿಕೊಂಡ. ಸಂಜೆಯವರೆಗೆ ಕಪಾಟುಗಳಲ್ಲಿ ಹುಡುಕಿದ. ಕೊಂಬು ಎಲ್ಲೆಲ್ಲೂ ಇತ್ತು. ಪತ್ತೇದಾರಿ ಕಾದಂಬರಿಗಳಲ್ಲಿ, ಬೇರೆ ಭಾಷೆಯಿಂದ ಬಂದ ಪ್ರೇಮಕಥೆಗಳಲ್ಲಿ, ಯಾತ್ರೆಯ ಕಥನಗಳಲ್ಲಿ, ಜೇನುಸಾಕಣೆಯ ಕೈಪಿಡಿಯಲ್ಲಿ. ಜೊತೆಗೆ ಇನ್ನೊಂದು ಸಂಗತಿ ಮೂಗಿಗೆ ಹತ್ತಿತು. ಕೊಂಬಿದ್ದ ಪುಸ್ತಕಗಳಲ್ಲಿ ಇತ್ತೀಚಿನವೆಲ್ಲ ಹೊಗೆಯಲ್ಲಿಟ್ಟ ಮೀನಿನ ವಾಸನೆ ಹೊಡೆಯುತ್ತಿದ್ದವು.

ಅವನ ಎದೆ ಆಗಲೇ ಅರ್ಧ ಇಳಿಯಿತು. ಆ ವಾಸನೆಯ ಓದುಗರು ಊರಿಗೊಬ್ಬರೇ.

ಊರವರೆಲ್ಲ ಅಪಾ, ಅಂದರೆ ಅಮ್ಮ, ಎಂದೇ ಕರೆಯುವ ಬುರುಲ್ ಅಪಾ ಪ್ರತಿ ಮಂಗಳವಾರ ಬರುತ್ತಿದ್ದಳು. ಎಪ್ಪತ್ತೊಂದು ವರ್ಷ, ಅಗಲ ಹೆಗಲು, ಗಂಡಸರ ಬೂಟು. ಬಂದರು ನಡೆಯುತ್ತಿದ್ದ ಕಾಲದಲ್ಲಿ ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವಳು. ಬಂದರು ಮುಚ್ಚಿದ ಮೇಲೆ ಸೊಸೆಯ ಜೊತೆ ಹೆದ್ದಾರಿಯ ಪಕ್ಕ ಮೀನು ಮಾರುತ್ತಿದ್ದಳು. ಒಂದು ಕೈಯಲ್ಲಿ ಮೀನಿನ ಮರದ ಪೆಟ್ಟಿಗೆ, ಇನ್ನೊಂದರಲ್ಲಿ ಪುಸ್ತಕದ ಚೀಲ. ಒಂದು ಸಲಕ್ಕೆ ಕೊಡುವುದು ಐದು ಪುಸ್ತಕ. ಐದನ್ನೂ ಒಯ್ದು ಐದನ್ನೂ ತರುತ್ತಿದ್ದಳು. "ಅಷ್ಟು ಯಾವಾಗ ಓದ್ತೀರಿ ಅಪಾ?" ಎಂದು ಎಲ್ದಿಯಾರ್ ಒಮ್ಮೆ, ಸ್ವಲ್ಪ ಅನುಮಾನದಿಂದಲೇ, ಕೇಳಿದ್ದ. "ಕಾರು ನಿಲ್ಲೋದು ಗಂಟೆಗೊಂದು ಮಗಾ. ಮಿಕ್ಕ ಹೊತ್ತು ಏನು ಮಾಡ್ಲಿ, ಮೀನಿನ ಕಣ್ಣು ನೋಡ್ತಾ ಕೂರ್ಲಾ? ಅವೂ ನನ್ನೇ ನೋಡ್ತಿರ್ತವೆ" ಅಂದಿದ್ದಳು. ಟಿಕೆಟ್ಟು ರದ್ದಾದರೆ ಅವಳಿಗೆ ಉಳಿಯುವುದು ಆ ಕಣ್ಣುಗಳೇ ಎಂದು ಅವನಿಗೆ ಈಗ ಹೊಳೆಯಿತು. ಊರಲ್ಲಿ ಬೇರೆ ಗ್ರಂಥಾಲಯವಿರಲಿಲ್ಲ. ಪುಸ್ತಕ ಕೊಂಡು ಓದುವ ಮನೆ ಅವಳದಲ್ಲ.

ಆ ಮಂಗಳವಾರ ಅವಳು ಪೆಟ್ಟಿಗೆಯನ್ನು ಮೇಜಿನ ಪಕ್ಕ ಇಟ್ಟಾಗ ಮುಚ್ಚಳದ ಮೇಲೆ ಕಣ್ಣು ಹೋಯಿತು. ಸುಟ್ಟು ಒತ್ತಿದ ಕೊಂಬು, ಕೆಳಗೆ ಚುಕ್ಕೆ.

"ಅಪಾ, ಇದೇನು ಗುರುತು?"

"ನಮ್ಮಪ್ಪನ ಕುದುರೆಗಳ ತಮ್ಗಾ. ಕುದುರೆ ಹೋಯ್ತು, ಮುದ್ರೆ ಉಳೀತು. ಹೆಣ್ಮಕ್ಳಿಗೆ ಅಷ್ಟು ಸಿಕ್ಕಿದ್ದೇ ದೊಡ್ಡದು." ಅವಳು ಅವನ ಮುಖ ನೋಡಿದಳು. "ಯಾಕೋ, ಹೊಟ್ಟೆ ನೋವಾ? ಸುಣ್ಣ ಬಳಿದ ಹಾಗಿದೆ ಮುಖ."

"ಏನಿಲ್ಲ ಅಪಾ. ಸುಸ್ತು."

"ಈ ವಯಸ್ಸಿಗಾ? ಏನು ಹೊತ್ತಿದ್ದೆ?"

ಅವನು ಅಲ್ಲಿಯೇ ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅವಳು ಹೌದು ಎನ್ನುತ್ತಾಳೆ, ಎಂದ ಮೇಲೆ ತನಗೆ ಗೊತ್ತಿದ್ದಂತಾಗುತ್ತದೆ, ಗೊತ್ತಿದ್ದ ಮೇಲೆ ಗುರುವಾರ ಹೇಳಬೇಕಾಗುತ್ತದೆ. ಅಪ್ಪನ ಮುದ್ರೆಯ ಮೇಲಿನ ಮೋಹಕ್ಕೆ ಮುದುಕಿ ಎಲ್ಲದರ ಮೇಲೂ ಗೀಚಿಕೊಂಡಿದ್ದಾಳೆ ಎಂದು ತಾನೇ ತೀರ್ಮಾನಿಸಿ, ಅವಳು ಪುಸ್ತಕ ಆರಿಸುವ ಮೊದಲೇ ಧೂಳು ಹೊಡೆಯುವ ನೆವ ಹೇಳಿ, ರಬ್ಬರು ಹಿಡಿದು ಕಪಾಟುಗಳ ಸಂದಿ ಸೇರಿದ.

ಮಂಗಳವಾರ ಮಧ್ಯಾಹ್ನದಿಂದ ಗುರುವಾರ ಮಧ್ಯಾಹ್ನದವರೆಗೆ ಅಳಿಸಿದ. ಜೀವನದಲ್ಲಿ ಅಷ್ಟು ಪುಸ್ತಕ ತೆರೆದದ್ದು ಅದೇ ಮೊದಲು. ಎಲ್ಲದರದ್ದೂ ಹದಿನೇಳನೆಯ ಪುಟ ಮಾತ್ರ. ಒಂದರಲ್ಲಿ ಮದುವೆ ನಡೆಯುತ್ತಿತ್ತು, ಒಂದರಲ್ಲಿ ಹೆಣ ಸಿಗುತ್ತಿತ್ತು, ಒಂದರಲ್ಲಿ ರೈಲು ಹೊರಡುತ್ತಿತ್ತು. ಹೆಬ್ಬೆರಳಿಗೆ ಬೊಕ್ಕೆ ಬಂತು. ಮೊದಲ ದಿನ ಎಣಿಸಿದ, ಮೂರುನೂರು ದಾಟಿದ ಮೇಲೆ ಎಣಿಸುವುದೂ ಬೇಸರವಾಯಿತು. ಕೊಂಬು ಕೆಲವು ಕಡೆ ಒಂದು, ಕೆಲವು ಕಡೆ ಎರಡು, ಎಲ್ಲೋ ಅಪರೂಪಕ್ಕೆ ಮೂರು. ಕೊನೆಗೆ ಏನೋ ತೋಚಿ ತನ್ನ ಚೀಲದಲ್ಲಿದ್ದ ಇಟ್ಟಿಗೆಯನ್ನು ತೆರೆದ, ಅದೂ ಗ್ರಂಥಾಲಯದ್ದೇ. ಹದಿನೇಳನೆಯ ಪುಟದಲ್ಲಿ ಮೂರು ಕೊಂಬು, ಸಾಲಾಗಿ. ಆ ಪುಟವನ್ನು ಅವನು ಎರಡು ವರ್ಷದಲ್ಲಿ ಕಡಿಮೆಯೆಂದರೆ ನಾಲ್ಕು ಸಲ ದಾಟಿದ್ದ. ಒಮ್ಮೆಯೂ ಕಂಡಿರಲಿಲ್ಲ. ಓದುವಾಗ ತನ್ನ ಕಣ್ಣು ಎಲ್ಲಿರುತ್ತಿತ್ತು ಎಂದು ಯೋಚಿಸಿದ. ಎದುರಿನ ಸೀಟಿನ ಮೇಲೆ. ಇನ್ನೆಲ್ಲಿ?

ಮೂರನ್ನೂ ಅಳಿಸಿದ.

ಗುರುವಾರ ಬಳಗ ಸೇರಿತು. ಒಂಬತ್ತು ಸಂಪುಟಗಳು ಬಿಳಿ ಬಟ್ಟೆಯ ಮೇಲೆ ನಿಂತಿದ್ದವು. ದಾಮಿರಾ ಒಸ್ಮೊನೊವ್ನಾ ಕೈ ಕಟ್ಟಿ ಕೂತರು. "ಹೇಳಿ ಎಲ್ದಿಯಾರ್. ಯಾರು?"

ಅವನು ಎದ್ದು ನಿಂತ. ಹೇಳಬೇಕೆಂದುಕೊಂಡಿದ್ದು 'ಗೊತ್ತಾಗಲಿಲ್ಲ' ಎಂದು. ಆದರೆ ಮೂವತ್ತೆಂಟು ವರ್ಷ ಪಾಠ ಮಾಡಿದ ಉಪಾಧ್ಯಾಯಿನಿಯ ಎರಡು ಕಣ್ಣಿನ ಮುಂದೆ 'ಗೊತ್ತಾಗಲಿಲ್ಲ' ಎಂದವರು ಯಾರೂ ಉಳಿದಿಲ್ಲ.

"ಅದು... ಹಳೇ ಓದುಗರು. ಬಂದರಿನ ಕಾಲದವರು. ಅವರು..." ನಾಲಿಗೆ ತಾನಾಗಿಯೇ ಮುಂದೆ ಹೋಯಿತು. "ಅವರು ತೀರಿಕೊಂಡಿದಾರೆ."

ಕೋಣೆಯೆಲ್ಲ ಒಮ್ಮೆಗೇ ಮೆತ್ತಗಾಯಿತು. ಸತ್ತವರ ಮೇಲೆ ಯಾರು ದೂರು ಹೇಳುತ್ತಾರೆ? ಎಂಟು ಹೆಂಗಸರೂ ಅಂಗೈಗಳನ್ನು ಎದೆಯ ಮುಂದೆ ಬಿಡಿಸಿ ಹಿಡಿದರು. "ಮಲಗಿದ ಮಣ್ಣು ರೇಷ್ಮೆಯಾಗ್ಲಿ" ಎಂದರು ದಾಮಿರಾ ಒಸ್ಮೊನೊವ್ನಾ, ದನಿ ತಗ್ಗಿಸಿ. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಬಾಗಿಲ ಬಳಿಯೂ ಯಾರೋ ಮುಖ ಸವರಿಕೊಂಡರು.

"ಓಮಿನ್, ಹಾಗೇ ಆಗ್ಲಿ" ಎಂದಳು ಬುರುಲ್ ಅಪಾ, ಪೆಟ್ಟಿಗೆ ಕೆಳಗಿಡುತ್ತ. "ಯಾರು ಹೋಗಿದ್ದು?"

ಎಲ್ದಿಯಾರ್ ಕೂತುಬಿಟ್ಟ. ಅವಳು ಬರುವ ದಿನ ಅದಲ್ಲ. "ಮಂಗಳವಾರ ತಗೊಂಡೋಗಿದ್ರಲ್ಲಿ ಎರಡು ಆಗ್ಲೇ ಓದಿದ್ದು ಅನ್ಸತ್ತೆ ಮಗಾ, ಗುರುತು ಇರ್ಲಿಲ್ಲ, ಆದ್ರೂ ಅನುಮಾನ. ಬದ್ಲಾಯಿಸ್ಕೊಂಡು ಹೋಗ್ತೀನಿ, ನೀವು ನಿಮ್ಮ ಮಾತು ಮುಂದುವರಿಸಿ" ಎನ್ನುತ್ತ ಅವಳು ಗೋಡೆಯ ಕಪಾಟಿಗೆ ಹೋದಳು. ಒಂದು ಪುಸ್ತಕ ತೆಗೆದು, ಹೆಬ್ಬೆರಳು ನಾಲಿಗೆಗೆ ತಾಗಿಸಿ, ಹದಿನೇಳನೆಯ ಪುಟ ತೆರೆದಳು. ಇಟ್ಟಳು. ಇನ್ನೊಂದು. ಇಟ್ಟಳು. ಐದು, ಎಂಟು, ಹತ್ತು. ದಾಮಿರಾ ಒಸ್ಮೊನೊವ್ನಾ ಕತ್ತು ತಿರುಗಿಸಿ ಅವಳ ಕೈಯನ್ನೇ ನೋಡಿದರು.

"ಮಗಾ," ಎಂದಳು ಅಪಾ, ತಿರುಗದೆ. "ನನ್ನ ಗುರುತುಗಳೆಲ್ಲ ಎಲ್ಲಿ ಹೋದ್ವು?"

"ನೀವಾ?" ದಾಮಿರಾ ಒಸ್ಮೊನೊವ್ನಾ ಎದ್ದರು. "ಇದು ನಿಮ್ಮ ಕೆಲಸವಾ?"

"ಹೂಂ, ನಂದೇ. ಎಲ್ಲಿ ಹೋದ್ವು ಅಂತ ಕೇಳ್ದೆ."

"ಪುಸ್ತಕ ಕುರಿ ಅಲ್ಲ ಬುರುಲ್. ನಿಮ್ಮ ಹಟ್ಟಿಯ ಗುರುತು ಅದರ ಮೇಲೆ ಯಾಕೆ? ಇದು ಹತ್ತು ಜನ ಓದೋ ಆಸ್ತಿ."

"ಹತ್ತು ಜನ ಓದಿದ್ರೆ ಒಳ್ಳೇದೇ ಎಜೆಕೆ. ನಾನು ನಂದು ಅಂತ ಹಾಕಿದ್ದಲ್ಲ." ಅಪಾ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು, ನಿಂತು ವಾದಿಸುವ ಮೊಣಕಾಲು ಅವಳಿಗಿರಲಿಲ್ಲ. "ಕ್ರೇನಿನ ಗೂಡಲ್ಲಿ ದೋಣಿ ಬರೋ ತನಕ ಓದ್ತಿದ್ದೆ. ಮಧ್ಯೆ ಸೀಟಿ ಊದೋರು, ಪುಸ್ತಕ ಬಿಸಾಕಿ ಹಿಡಿಕೆ ಹಿಡೀತಿದ್ದೆ. ಹೀಗೆ ಚೂರು ಚೂರು ಓದಿ ಓದಿ ತಲೇಲಿ ನಿಲ್ತಿರ್ಲಿಲ್ಲ. ಒಂದ್ಸಲ ಒಂದೇ ಪುಸ್ತಕ ಮೂರು ಸಲ ತಂದಿದ್ದೆ ನೋಡಿ, ಮೂರನೇ ಸಲ ಕಳ್ಳ ಯಾರು ಅಂತ ಗೊತ್ತಾದಾಗ, ಅಯ್ಯೋ ಇವನ್ನ ನಾನು ಮುಂಚೇನೂ ಹಿಡ್ದಿದ್ದೆ ಅನ್ನಿಸ್ತು. ಅವತ್ತಿಂದ ಹಾಕಿದ್ದು. ಒಂದು ಕೊಂಬು ಅಂದ್ರೆ ಓದಿ ಆಯ್ತು. ಎರಡು ಅಂದ್ರೆ, ಇನ್ನೊಂದ್ಸಲ ಓದು ಬುರುಲ್, ಅಂತ. ನೀವು ನಿಮ್ಮ ಮುದ್ರೆ ಅಲ್ಲಿ ಒತ್ತಿದ್ರಿ, ನಾನೂ ಪಕ್ಕದಲ್ಲೇ ಹಾಕಿದೆ. ಹುಡುಕೋಕೆ ಸುಲಭ."

"ಟಿಪ್ಪಣಿ ಪುಸ್ತಕ ಇಟ್ಕೊಳ್ಳೋಕೆ ಆಗ್ತಿರ್ಲಿಲ್ವಾ?"

"ಇಟ್ಟಿದ್ದೆ. ಸೊಸೆ ಅದರಲ್ಲಿ ಮೀನು ಸುತ್ತಿ ಕೊಟ್ಬಿಟ್ಳು."

ಬಳಗದಲ್ಲಿ ಒಬ್ಬಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ದಾಮಿರಾ ಒಸ್ಮೊನೊವ್ನಾ ನಗಲಿಲ್ಲ. ನಿಜಕ್ಕೂ ಅವರು ಕೆಟ್ಟವರಲ್ಲ; ಪುಸ್ತಕ ಹಾಳಾದರೆ ಅವರಿಗೆ ರಾತ್ರಿಯೂಟ ಸೇರುತ್ತಿರಲಿಲ್ಲ. "ಜಿಪಾರ್," ಎಂದರು, "ಒಪ್ಕೊಂಡಿದಾರೆ. ನಿಯಮ ಎಲ್ಲರಿಗೂ ಒಂದೇ. ಟಿಕೆಟ್ಟು ತಗೊಳ್ಳಿ."

ಅಪಾ ಕೋಟಿನ ಒಳಜೇಬಿನಿಂದ ಟಿಕೆಟ್ಟು ತೆಗೆದು ಮೇಜಿನ ಮೇಲಿಟ್ಟಳು. ಮೂಲೆ ಸವೆದು ದುಂಡಗಾಗಿತ್ತು. "ತಗೊಳ್ಳಿ ತಾಯಿ. ಆದ್ರೆ ಗುರುತು ಯಾರು ಅಳಿಸಿದ್ದು ಅಂತ ಹೇಳ್ಬಿಡಿ."

"ನಾನು, ಅಪಾ," ಎಂದ ಎಲ್ದಿಯಾರ್. ದನಿ ಅವನಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ. "ನಾನೇ ಅಳಿಸಿದ್ದು. ನಿಮ್ಮ ಟಿಕೆಟ್ಟು ಹೋಗ್ಬಾರ್ದು ಅಂತ."

"ಎಲ್ಲಾನೂವಾ?"

"ಸಿಕ್ಕಿದ್ದೆಲ್ಲಾ."

ಅಪಾ ಬೈಯಲಿಲ್ಲ. ಅವನ ಬೊಕ್ಕೆ ಬಂದ ಹೆಬ್ಬೆರಳನ್ನು ನೋಡಿದಳು, ಮೇಲಿಂದ ಕೆಳಗಿನವರೆಗೆ ಕಪಾಟುಗಳನ್ನು ನೋಡಿದಳು. "ನಲವತ್ತು ವರ್ಷ ಮಗಾ," ಎಂದಳು. "ಒಂದು ಮಾತು ಕೇಳ್ಬಾರ್ದಿತ್ತಾ?"

ಜಿಪಾರ್ ಎಜೆ ಈ ಹೊತ್ತಿಗೆ ಒಂಬತ್ತು ಸಂಪುಟಗಳನ್ನೂ ಒಂದೊಂದಾಗಿ ತೆರೆದು ನೋಡಿ ಮುಗಿಸಿದ್ದಳು. ಕನ್ನಡಕ ತೆಗೆದು ಸೆರಗಿನಂಥ ಶಾಲಿನ ತುದಿಯಿಂದ ಒರೆಸಿದಳು.

"ದಾಮಿರಾ ಒಸ್ಮೊನೊವ್ನಾ, ರದ್ದು ಮಾಡೋಕೆ ನಾನು ಕಾಗದದಲ್ಲಿ ಬರೀಬೇಕು, ಯಾವ ಪುಸ್ತಕ, ಯಾವ ಪುಟ, ಏನು ಹಾನಿ ಅಂತ. ಏನು ಬರೀಲಿ? ಪುಟ ಚೊಕ್ಕವಾಗಿದೆ."

"ಈಗಷ್ಟೇ ಒಪ್ಕೊಂಡ್ರಲ್ಲ!"

"ಒಪ್ಕೊಂಡ್ರು. ಆದ್ರೆ ನಮ್ಮ ಕಾರ್ಯದರ್ಶಿ ಹೇಳೋ ಪ್ರಕಾರ ಆ ಓದುಗರು ತೀರ್ಕೊಂಡಿದಾರೆ, ನಾವು ಪ್ರಾರ್ಥನೆ ಬೇರೆ ಮಾಡಿ ಆಗಿದೆ." ಟಿಕೆಟ್ಟನ್ನು ಎತ್ತಿ ಅಪಾಳ ಕೈಗಿಟ್ಟಳು. "ನನಗೆ ಸಾಕಾಗಿದೆ. ಸೂರು ಸೋರ್ತಿದೆ, ಪ್ರಾಂತದ ಕಚೇರಿಯವರು ಬರೋದು ಸೋಮವಾರ. ಚಹಾ ಕುಡಿಯೋಣ ಬನ್ನಿ."

ದಾಮಿರಾ ಒಸ್ಮೊನೊವ್ನಾ ಆರನೆಯ ಸಂಪುಟವನ್ನು ಕೈಗೆತ್ತಿಕೊಂಡು ಹದಿನೇಳನೆಯ ಪುಟ ತೆರೆದರು. "ಇದರಲ್ಲಿ ಎರಡಿತ್ತು," ಎಂದರು, ಯಾರಿಗೆಂದು ತಿಳಿಯದ ಹಾಗೆ. ಆಮೇಲೆ ಕೋಟು ತೊಟ್ಟುಕೊಂಡು ಎಲ್ಲರ ಹಿಂದೆ ಮೊಗಸಾಲೆಗೆ ನಡೆದರು.

ಟಿಕೆಟ್ಟು ಉಳಿಯಿತು. ಆದರೆ ಕಪಾಟಿನ ಮುಂದೆ ಕೂತ ಅಪಾಗೆ ಯಾವುದು ಓದಿದ್ದು, ಯಾವುದು ಓದದ್ದು ಎಂದು ಹೇಳುವ ಒಂದೇ ಒಂದು ಗುರುತೂ ಉಳಿದಿರಲಿಲ್ಲ. ಯಾರು ಏನು ಒಯ್ದರೆಂದು ಬರೆದಿಡುವ ಗ್ರಂಥಾಲಯದ ಕಾರ್ಡಿನಲ್ಲಿ ಹುಡುಕೋಣವೆಂದರೆ ಪ್ರತಿ ಜನವರಿಗೆ ಹೊಸ ಕಾರ್ಡು, ಹಳೆಯದು ರದ್ದಿಗೆ. ಎಲ್ದಿಯಾರ್ ಹತ್ತಿರ ಹೋಗಿ ನಿಂತ.

ಅಪಾ ಕೈಗೆ ಸಿಕ್ಕ ಒಂದನ್ನು ಎತ್ತಿ ಹಿಡಿದಳು. "ಇದು ಹೇಗಿದೆ ಹೇಳು."

"ಓದಿಲ್ಲ ಅಪಾ."

"ಇದು?"

"ಇಲ್ಲ."

"ಅಲ್ಲಿ ಬಿಳಿ ಬಟ್ಟೆ ಮೇಲೆ ನಿಲ್ಲಿಸಿದ್ರಲ್ಲ, ಅದು?"

ಅವನು ತಲೆ ಅಲ್ಲಾಡಿಸಿದ. ಸುಳ್ಳು ಹೇಳುವ ಶಕ್ತಿಯೂ ಆ ಹೊತ್ತು ಅವನಲ್ಲಿರಲಿಲ್ಲ.

"ಹಾಗಾದ್ರೆ ನೀನು ನನಗಿಂತ ಕಷ್ಟದಲ್ಲಿದೀಯಲ್ಲೋ. ನಾನು ಓದಿದ್ದು ಮರೆತಿದೀನಿ. ನಿನ್ನ ಹತ್ರ ಮರೆಯೋಕೂ ಏನಿಲ್ಲ." ಅವಳು ಮೊಣಕಾಲು ಒತ್ತಿಕೊಂಡು ಎದ್ದಳು. "ಆಯ್ತು ಕೇಳು. ಅಳಿಸಿದೋನು ನೀನು, ಕೆಲಸ ಮಾಡೋನೂ ನೀನೇ. ವಾರಕ್ಕೊಂದು ಓದು. ಮಂಗಳವಾರ ನನಗೆ ಕಥೆ ಹೇಳು. ಓದಿದ್ದಾದ್ರೆ ನನಗೆ ನೆನಪಾಗತ್ತೆ, ಸಾಕು ಅಂತೀನಿ. ನೆನಪಾಗ್ಲಿಲ್ಲ ಅಂದ್ರೆ ಅರ್ಧಕ್ಕೇ ನಿಲ್ಸು, ನಾನೇ ತಗೊಂಡೋಗಿ ಓದ್ಕೋತೀನಿ."

"ಅಪಾ, ನನಗೆ ಕೆಲಸ..."

"ಗೊತ್ತು. ಸುಸ್ತು."

ಮೊದಲ ಕಪಾಟಿನ ಎಡತುದಿಯಿಂದ ಶುರುಮಾಡಿದ. ತೆಳ್ಳಗಿನ, ಮಾಸಿದ ಹೊದಿಕೆಯ ಕಾದಂಬರಿ; ದಾಮಿರಾ ಒಸ್ಮೊನೊವ್ನಾರ ಬಳಗದಲ್ಲಿ ಅದರ ಹೆಸರೆತ್ತುವ ಹಾಗಿರಲಿಲ್ಲ. ಓದಲು ಹೊತ್ತೆಲ್ಲಿದೆ ಎಂದು ಗೊಣಗುತ್ತ ಊಟದ ಬಿಡುವಿನಲ್ಲಿ ಓದಿದ, ನೂಡಲ್ಸಿನ ಬಟ್ಟಲು ಒಂದು ಕೈಯಲ್ಲಿ. ಮಿನಿಬಸ್ಸಿನ ಸಾಲಿನಲ್ಲಿ ನಿಂತು ಓದಿದ. ಮಂಗಳವಾರ ಅಪಾ ಬಂದು ಪೆಟ್ಟಿಗೆ ಇಟ್ಟು ಕೂತಳು.

"ಒಬ್ಬ ಎಂಜಿನಿಯರು ಇರ್ತಾನೆ ಅಪಾ," ಅವನು ಶುರುಮಾಡಿದ. "ಬೆಟ್ಟದ ಹಳ್ಳಿಗೆ ಸೇತುವೆ ಕಟ್ಟೋಕೆ ಬರ್ತಾನೆ. ಅಲ್ಲಿ ಒಬ್ಬಳು ವಿಧವೆ ಅವನಿಗೆ ಕೋಣೆ ಬಾಡಿಗೆಗೆ ಕೊಡ್ತಾಳೆ. ಊರವರೆಲ್ಲ..."

"ಅವಳ ಮನೇಲಿ ಕುಂಟ ಹೇಸರಗತ್ತೆ ಇದ್ಯಾ?"

"ಇದೆ."

"ಸಾಕು. ಓದಿದೀನಿ. ಸೇತುವೆ ಬೀಳತ್ತೆ."

"ಅಪಾ! ನಾನಿನ್ನೂ ನೂರ ಹತ್ತನೇ ಪುಟದಲ್ಲಿದ್ದೆ!"

"ಒಳ್ಳೇದೇ ಆಯ್ತಲ್ಲ, ಮಿಕ್ಕಿದ್ದು ಓದೋ ಕಷ್ಟ ತಪ್ಪಿತು. ಮುಂದಿನದು ತಗೊ." ಹೆದ್ದಾರಿಯ ಕಡೆ ಸೊಸೆ ಒಬ್ಬಳೇ ಇದ್ದಾಳೆಂದು ಅವಳು ಹೊರಟುಹೋದಳು.

ಎಲ್ದಿಯಾರ್ ಮುಂದಿನದನ್ನು ತೆಗೆದು ಮೇಜಿನ ಮೇಲಿಟ್ಟ. ಮೊದಲನೆಯದನ್ನು ಕಪಾಟಿಗೆ ಸೇರಿಸಲು ಎದ್ದವನು ಅಲ್ಲೇ, ಕಪಾಟಿಗೆ ಬೆನ್ನು ಕೊಟ್ಟು, ನೂರ ಹತ್ತನೆಯ ಪುಟ ತೆರೆದ. ಹೇಗೂ ಗೊತ್ತಾಗಿಹೋಗಿದೆ, ಕಣ್ಣಾಡಿಸಿ ಮುಗಿಸೋಣ ಎಂದುಕೊಂಡ. ನಿಂತೇ ಓದಿದ, ಆಮೇಲೆ ನೆಲದ ಮೇಲೆ ಕೂತು ಓದಿದ. ಅಪಾ ಹೇಳಿದ ಹಾಗೆ ಸೇತುವೆ ಬಿತ್ತು. ಅವಳು ಹೇಳದೆ ಹೋದದ್ದೊಂದಿತ್ತು. ಅದು ಬೀಳುವಾಗ ಎಂಜಿನಿಯರು ದಡದಲ್ಲಿದ್ದ. ಮೇಲಿದ್ದವಳು ಆ ವಿಧವೆ, ಕುಂಟ ಹೇಸರಗತ್ತೆಯ ಹಗ್ಗ ಹಿಡಿದುಕೊಂಡು, ಅವನಿಗೆ ಬುತ್ತಿ ತರುತ್ತಿದ್ದಳು.

ಜಿಪಾರ್ ಎಜೆ ಮುಂದಿನ ಕೋಣೆಯಿಂದ ಎರಡು ಸಲ ಕರೆದಳು. ಅವನಿಗೆ ಕೇಳಿಸಲಿಲ್ಲ.